ಪರೀಕ್ಷಿಸಿದವರು: ಫಾನ್‌ಚ್ಯಾಂಗ್

ಫಾನ್‌ಚ್ಯಾಂಗ್‌ಗೆ ಲೋಕದಲ್ಲಿ ಯಾರನ್ನು ಕಂಡರೂ ಅಷ್ಟಕ್ಕಷ್ಟೆ. ಆದರೆ ಹಲ್ಲು ಕಡಿದು, ಮನಸಾರೆ ಅವನು ತಿರಸ್ಕರಿಸುತ್ತಿದ್ದುದು ಒಂದೇ ಬಗೆಯ ಜನರನ್ನು: ಮಾಡದೆ ಮಾಡಿದೆ ಅನ್ನುವವರನ್ನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ಎಲ್ಲ ಊರಲ್ಲೂ ಇರುತ್ತಾರೆ. ತೈವಾನಿನ ಚಿಪ್ ಊರಾದ ಶಿಂಚುವಿನಲ್ಲಿ ಅವರು ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಕರ್ನಲ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಅಡುಗೆಮನೆ. ಪರದೆಯ ಮೇಲೆ ಕಾಣುವ ಆಟ, ಲೆಕ್ಕ, ಸಿನಿಮಾ ಎಲ್ಲಕ್ಕೂ ಬೇಕಾದದ್ದು ಅಲ್ಲಿ ಬೇಯುತ್ತದೆ. ಊಟಕ್ಕೆ ಕೂತವರು ಯಾರೂ ಅತ್ತ ಇಣುಕುವುದಿಲ್ಲ. ಅದನ್ನು ಒಬ್ಬ ಧಣಿ ಕೂಲಿ ಕೊಟ್ಟು ಬರೆಸಿದ್ದಲ್ಲ. ದೇಶದೇಶದ ಜನ ಕೋಡಿನ ತುಣುಕುಗಳನ್ನು ಇಮೇಲಿನಲ್ಲಿ ಕಳಿಸುತ್ತಾರೆ. ಆ ತುಣುಕಿಗೆ ತೇಪೆ ಅಂತಲೇ ಹೆಸರು. ಒಂದೊಂದು ವಿಭಾಗಕ್ಕೂ ಒಬ್ಬ ಉಸ್ತುವಾರಿ. ಅವನು ಒಪ್ಪಿದರೆ ತೇಪೆ ಒಳಗೆ, ಇಲ್ಲವಾದರೆ ಕಸಕ್ಕೆ. ಬೈಗುಳ, ಹೊಗಳಿಕೆ, ಚೌಕಾಸಿ ಎಲ್ಲವೂ ಎಲ್ಲರಿಗೂ ಹೋಗುವ ಒಂದೇ ಮೇಲ್ ಲಿಸ್ಟಿನಲ್ಲಿ, ಲೋಕದ ಕಣ್ಣೆದುರು, ಇಂಗ್ಲಿಷಿನಲ್ಲಿ ನಡೆಯಬೇಕು. ಹಾಗಾಗಿ ಒಂದೇ ರೈಲಿನಲ್ಲಿ ಹತ್ತಿ ಇಳಿಯುವ ಇಬ್ಬರು ತೈವಾನಿನವರೂ ಬೈದುಕೊಳ್ಳುವುದು ಪರಭಾಷೆಯಲ್ಲೇ.

ಫಾನ್‌ಚ್ಯಾಂಗ್ ನೋಡಿಕೊಳ್ಳುತ್ತಿದ್ದುದು ಸೀರಿಯಲ್ ಪೋರ್ಟ್ ವಿಭಾಗ. ಹಳೇ ಕಾಲದ ತಂತಿ. ಈಗಿನವರು ಅದನ್ನು ಮ್ಯೂಸಿಯಮ್ಮಿನ ಸಾಮಾನು ಅಂದುಕೊಂಡಿದ್ದಾರೆ. ಆದರೆ ಮೀನು ಮಾರುಕಟ್ಟೆಯ ತಕ್ಕಡಿ, ಬಸ್ಸಿನ ಚೀಟಿ ಯಂತ್ರ, ಕಾರ್ಖಾನೆಯ ಒತ್ತುಯಂತ್ರ, ಎಲ್ಲವೂ ಇವತ್ತಿಗೂ ಆ ತಂತಿಯಲ್ಲೇ ಮಾತಾಡುತ್ತವೆ. ಉಸ್ತುವಾರಿಗಳ ಪಟ್ಟಿಯಲ್ಲಿ ಆ ವಿಭಾಗದ ಮುಂದೆ ಇಪ್ಪತ್ತು ವರ್ಷದಿಂದ ಅವನ ಹೆಸರಿದೆ. ಅವನು ಸಂಬಳಕ್ಕಿದ್ದ ಚಿಪ್ ಕಂಪನಿಯಲ್ಲಿ ಅವನಿಗಿಂತ ಚಿಕ್ಕವರು ಅವನ ಮೇಲಧಿಕಾರಿಗಳಾಗಿ ಕೂತು, ಈ ಮುದುಕ ದಿನವಿಡೀ ಮೇಲ್ ಬರೆಯುತ್ತಾ ಏನು ಕಡಿದು ಕಟ್ಟೆ ಹಾಕುತ್ತಾನೆ ಅಂತ ಆಡಿಕೊಳ್ಳುತ್ತಿದ್ದರು. ಕುರ್ಚಿ ಬದಲಾಗಿರಲಿಲ್ಲ, ಕೋಣೆ ಸಿಕ್ಕಿರಲಿಲ್ಲ. ಬದುಕಿನಲ್ಲಿ ಸಂಪಾದಿಸಿದ್ದು ಅಂತ ತೋರಿಸಲು ಅವನಿಗಿದ್ದದ್ದು ಆ ಪಟ್ಟಿಯ ಒಂದು ಸಾಲು.

ಆ ಸಾಲನ್ನು ಅವನು ಕಾಯುತ್ತಿದ್ದ ರೀತಿಗೆ ಹೊಸಬರು ಥರಗುಟ್ಟುತ್ತಿದ್ದರು. ಯಾರಾದರೂ ತೇಪೆ ಕಳಿಸಿ, ಅದರ ಜೊತೆಗೆ ಯಾಕೆ ಬೇಕು ಅಂತ ವಿವರಿಸದಿದ್ದರೆ, ಅವನು ಕೋಡನ್ನು ಓದುತ್ತಲೇ ಇರಲಿಲ್ಲ. ಕಡ್ಡಿ ಮುರಿದ ಹಾಗೆ ಮೂರೇ ವಾಕ್ಯ ಬರೆಯುತ್ತಿದ್ದ: “ಏನು ಮಾಡಿದ್ದೀರಿ ಅಂತ ಕಾಣುತ್ತದೆ. ಯಾಕೆ ಅಂತ ಬರೆದಿಲ್ಲ. ಕಾರಣ ಬರೆದು ಮತ್ತೆ ಕಳಿಸಿ.” ಈ ಮೂರು ವಾಕ್ಯ ತಿನ್ನದವರು ಆ ಲಿಸ್ಟಿನಲ್ಲಿ ಯಾರೂ ಇರಲಿಲ್ಲ. ಕೆಲವರು ಅತ್ತಿದ್ದರಂತೆ. ಅತ್ತವರು ಬರೆಯುವುದನ್ನು ಕಲಿತರಲ್ಲ ಅಂತ ಅವನ ಸಮಾಧಾನ.

ಇಂಥವನ ಅಡುಗೆಮನೆಗೆ ಕೋಡು ಬರೆಯುವ ಹೊಸ ಭಾಷೆ ಬಂತು. ಅಲ್ಲಿಯವರೆಗೆ ಕರ್ನಲ್ ಎಲ್ಲ ಸಿ ಭಾಷೆಯಲ್ಲಿತ್ತು. ಸಿ ಯಾರನ್ನೂ ತಡೆಯುವುದಿಲ್ಲ. ಬಾವಿಗೆ ಬೀಳುತ್ತೇನೆ ಅಂದರೆ ಬೀಳು ಅನ್ನುತ್ತದೆ. ಹೊಸ ಭಾಷೆ ಹಾಗಲ್ಲವಂತೆ, ಬಾವಿಯ ಹತ್ತಿರ ಹೋದರೆ ಕೈ ಹಿಡಿದು ಎಳೆಯುತ್ತದಂತೆ. ಹಾಗಂತ ಒಂದು ಗುಂಪು ಕುಣಿದಾಡಿಕೊಂಡು ಬಂತು. ಕೈ ಹಿಡಿಸಿಕೊಳ್ಳುವವರು ಒಲೆಯ ಹತ್ತಿರ ಯಾಕೆ ಬರಬೇಕು ಅಂತ ಫಾನ್‌ಚ್ಯಾಂಗ್ ಮೂಗು ಮುರಿದ. ಆದರೂ ಆ ಗುಂಪು ‘ಪ್ರಾಯೋಗಿಕ’ ಅನ್ನುವ ಹಣೆಪಟ್ಟಿ ಅಂಟಿಸಿಕೊಂಡು ಒಳಗೆ ಬಂದೇ ಬಂತು. ಪ್ರಾಯೋಗಿಕ ಅಂದರೆ ಅಡ್ಡಗೋಡೆಯ ಮೇಲಿಟ್ಟ ದೀಪ. ಚೆನ್ನಾಗಿದ್ದರೆ ನಮ್ಮದು, ಕೆಟ್ಟರೆ ಆಗಲೇ ಹೇಳಿದ್ದೆವಲ್ಲ ಅನ್ನಬಹುದು. ಅದನ್ನು ಬಳಸುವುದು ಹೇಗೆ ಅಂತ ಹೇಳುವ ದಾಖಲೆಯಂತೂ ಅರ್ಧ ಪುಟ. ಆ ಅರ್ಧದಲ್ಲಿ ಅರ್ಧ, ಬರೆದವರು ಒಬ್ಬರಿಗೊಬ್ಬರು ಹೇಳಿಕೊಂಡ ವಂದನೆ.

ಅಷ್ಟಾದರೂ ಸಹಿಸಿಕೊಂಡಿದ್ದನೋ ಏನೋ. ಅವರು ಮಾದರಿಗೆಂದು ಒಂದು ಪುಟ್ಟ ಡ್ರೈವರನ್ನು ಹೊಸ ಭಾಷೆಯಲ್ಲಿ ಬರೆದು, ಅದನ್ನು ತಂದು ಇಟ್ಟದ್ದು ಸೀರಿಯಲ್ ವಿಭಾಗದಲ್ಲಿ. ಯಂತ್ರದ ಜೊತೆ ಮಾತಾಡುವ ಕೋಡಿಗೆ ಡ್ರೈವರ್ ಅನ್ನುತ್ತಾರೆ. ಆ ವಿಭಾಗದ ಡ್ರೈವರ್‌ಗಳೆಲ್ಲ ಫಾನ್‌ಚ್ಯಾಂಗ್ ಸಾಕಿದ ಮಕ್ಕಳು. ಅವನು ಲಿಸ್ಟಿಗೆ ಉದ್ದಕ್ಕೆ ಉಗಿದು ಬರೆದ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅನ್ನುವ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಗೋ ಹೊಂದಿಸಿದ. ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಒಂದು ಸಾಲು ಸೇರಿಸಿದ: ಕರ್ನಲ್ಲಿನ ಈ ಸಲದ ಬಿಡುಗಡೆಯಲ್ಲಿ ಅದಿರಬೇಕು, ಇಲ್ಲ ನಾನಿರಬೇಕು.

ಎಲ್ಲ ವಿಭಾಗಗಳ ಮೇಲಿನ ಮುಖ್ಯಸ್ಥ ಹಾಲ್ವರ್ ಅಂತ ಒಬ್ಬ ನಾರ್ವೆಯವನು, ಮಾತು ಕಡಿಮೆ. ಅವನು ತೀರ್ಪು ಕೊಟ್ಟ. ದಾಖಲೆ ಸರಿಯಾಗಿ ಬರೆಯಿರಿ. ಆ ಗುಂಪಿಗೆ ಸೇರದ ಒಬ್ಬರು, ಏನೂ ಇಲ್ಲದ ಹೊಸ ಯಂತ್ರದಲ್ಲಿ, ಆ ದಾಖಲೆಯನ್ನು ಅಕ್ಷರಶಃ ಪಾಲಿಸಿ, ನಡೆಯುತ್ತದೆ ಅಂತ ಸಾಕ್ಷಿ ಹೇಳಿದರೆ ಭಾಷೆ ಉಳಿಯುತ್ತದೆ. ಬಿಡುಗಡೆಯ ಬಾಗಿಲು ಮುಚ್ಚುವುದರೊಳಗೆ ಹೇಳದಿದ್ದರೆ ತೆಗೆದುಹಾಕುತ್ತೇನೆ.

ದಾಖಲೆ ಬರೆಯುವ ಕೆಲಸ ಹಿಡಿದವಳು ಕೋ ಯಾಚುನ್, ತೈಪೆಯಲ್ಲಿ ಕೆಲಸ ಮಾಡುವ ಮೂವತ್ತರ ಆಸುಪಾಸಿನ ಹೆಂಗಸು. ಪಿಂಗ್ತುಂಗ್ ಕಡೆಯವಳು, ದಕ್ಷಿಣದ ಬಿಸಿಲಿನಲ್ಲಿ ಬೆಳೆದವಳು. ಹಿಂದೊಮ್ಮೆ ತೈಪೆಯ ಸಭೆಯಲ್ಲಿ ಅವಳು ಭಾಷಣ ಮುಗಿಸಿ ಪ್ರಶ್ನೆಗಳಿವೆಯೇ ಅಂದಾಗ ಫಾನ್‌ಚ್ಯಾಂಗ್ ಎದ್ದು, ಪ್ರಶ್ನೆ ಇಲ್ಲ, ನಿದ್ದೆ ಬಂದಿತ್ತು ಅಂದಿದ್ದ. ಸಭೆ ನಕ್ಕಿತ್ತು. ಅವಳು ನಗಲಿಲ್ಲ, ಅಳಲೂ ಇಲ್ಲ. ಮುಂದಿನ ಪ್ರಶ್ನೆ ಅಂದಳು.

ಅವಳ ಹೊಸ ದಾಖಲೆ ಲಿಸ್ಟಿಗೆ ಬಿದ್ದ ಹತ್ತು ನಿಮಿಷಕ್ಕೆ ಮೂವರು ‘ಪರೀಕ್ಷಿಸಿದವರು’ ಅಂತ ತಮ್ಮ ಹೆಸರು ಹಾಕಿದರು. ನಾಲ್ಕನೆಯವನು ಚ್ವಾಂಗ್. ಈ ಚ್ವಾಂಗ್ ಯಾರೆಂದರೆ ಫಾನ್‌ಚ್ಯಾಂಗ್ ಜೊತೆ ದಿನಾ ಊಟಕ್ಕೆ ಹೋಗುವ ಸಹೋದ್ಯೋಗಿ. ಒಳ್ಳೆಯ ಮನುಷ್ಯ, ಆದರೆ ನಾಲಿಗೆಯಲ್ಲಿ ಇಲ್ಲ ಅನ್ನುವ ಅಕ್ಷರಗಳಿಲ್ಲ. ಲಿಸ್ಟಿನಲ್ಲಿ ಯಾವ ತೇಪೆ ಬಂದರೂ ಓದುವ ಮೊದಲೇ ‘ಒಪ್ಪಿದೆ, ಚ್ವಾಂಗ್’ ಅಂತ ಹಾಕುತ್ತಿದ್ದ. ಹೆಸರು ಎಲ್ಲ ಕಡೆ ಕಂಡರೆ ಎಂದಾದರೂ ಒಳ್ಳೆಯದಾದೀತು ಅಂತ ಅವನ ಲೆಕ್ಕಾಚಾರ.

ಕೋಡನ್ನೆಲ್ಲ ಜೋಡಿಸಿ ಕರ್ನಲ್ಲನ್ನು ಕಟ್ಟಲು ಒಳ್ಳೆಯ ಯಂತ್ರಕ್ಕೇ ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷದಲ್ಲಿ ನಾಲ್ವರು ಪರೀಕ್ಷಿಸಿದ್ದು ಹೇಗೆ ಅಂತ ಫಾನ್‌ಚ್ಯಾಂಗ್ ಲಿಸ್ಟಿನಲ್ಲೇ ಕೇಳಿ, ನಾಲ್ವರಿಗೂ ಮುಖಕ್ಕೆ ಮಂಗಳಾರತಿ ಎತ್ತಿದ. ಯಾರೂ ಉತ್ತರ ಕೊಡಲಿಲ್ಲ. ಮಧ್ಯಾಹ್ನ ಮಿಫೆನ್ ಅನ್ನುವ ಅಕ್ಕಿ ಶಾವಿಗೆಯ ಅಂಗಡಿಯಲ್ಲಿ ಚ್ವಾಂಗ್ ಮಾತ್ರ ನಾಚಿಕೆಯಿಲ್ಲದೆ ಎದುರಿಗೇ ಕೂತು, ಮೀನಿನ ಉಂಡೆ ನುಂಗುತ್ತಾ, ದಾಖಲೆ ತಾನೇ ಫಾನ್‌ಚ್ಯಾಂಗಣ್ಣ, ಅದನ್ನ ಯಾರು ಓದ್ತಾರೆ ಅಂದ.

ಆ ಮಾತು ಫಾನ್‌ಚ್ಯಾಂಗ್‌ಗೆ ಉಪಾಯ ಹೊಳೆಸಿತು. ಯಾರೂ ಓದುವುದಿಲ್ಲ. ಹಾಗಾದರೆ ನಾನೇ ಓದುತ್ತೇನೆ. ಅಕ್ಷರ ಬಿಡದೆ ಓದಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿ, ಎಲ್ಲೆಲ್ಲಿ ಮುಗ್ಗರಿಸುತ್ತದೋ ಅಲ್ಲಲ್ಲಿ ಊರ ಮುಂದೆ ಎತ್ತಿ ತೋರಿಸುತ್ತೇನೆ. ತೆಗೆದುಹಾಕುವ ಕೆಲಸವನ್ನು ಹಾಲ್ವರ್ ಯಾಕೆ ಮಾಡಬೇಕು, ದಾಖಲೆಯೇ ತನ್ನ ಗುಂಡಿ ತೋಡಿಕೊಳ್ಳಲಿ.

ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪನ್ನು ತೆಗೆದು, ಒಳಗಿದ್ದದ್ದನ್ನೆಲ್ಲ ಅಳಿಸಿ, ಊಟದ ಮೇಜಿನ ಮೇಲಿಟ್ಟ. ಅದರ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಅವನ ಹೆಂಡತಿ ಮಾನ್‌ಯುನ್, ನಿವೃತ್ತ ಶಾಲಾ ಶಿಕ್ಷಕಿ, ಮೇಜಿನ ಅರ್ಧ ಹೋಯಿತಲ್ಲ ಅಂತ ಗೊಣಗಿದಳು. ಇದೇನು ಅಂತ ಕೇಳಿದ್ದಕ್ಕೆ, ಒಬ್ಬಳ ಮರ್ಯಾದೆ ತೆಗೆಯುವ ಯಂತ್ರ ಅಂದ. ಬಟ್ಟಲು ಇಡೋಕೆ ಜಾಗ ಬಿಟ್ಟು ತೆಗೀರಿ ಅಂತ ಅವಳು ಒಳಗೆ ಹೋದಳು.

ಮೊದಲ ಹೆಜ್ಜೆಯಲ್ಲೇ ದಾಖಲೆ ಮುಗ್ಗರಿಸಿತು. ಕಟ್ಟಲು ಬೇಕಾದ ಒಂದು ಸಲಕರಣೆಯ ಹೆಸರನ್ನೇ ಅವಳು ಬರೆದಿರಲಿಲ್ಲ. ಬರೆಯದ ಕಾರಣ ಫಾನ್‌ಚ್ಯಾಂಗ್‌ಗೆ ತಕ್ಷಣ ಗೊತ್ತಾಯಿತು. ಅದು ಅವಳ ಯಂತ್ರದಲ್ಲಿ ಮೊದಲೇ ಇತ್ತು. ಈ ಕಸುಬಿನವರೆಲ್ಲರೂ ಮಾಡುವ ತಪ್ಪು ಇದು. ಮನೆಯೊಳಗೇ ಕೂತವರು ಮನೆಗೆ ದಾರಿ ಹೇಳುವಾಗ ಬಾಗಿಲು ತೆರೆಯಿರಿ ಅನ್ನುವುದನ್ನು ಮರೆಯುತ್ತಾರೆ. ಅವನು ಖುಷಿಯಿಂದ ಕೈ ಉಜ್ಜಿಕೊಂಡು ಲಿಸ್ಟಿಗೆ ಬರೆದ: ನಾಲ್ವರು ಪರೀಕ್ಷಿಸಿದ ದಾಖಲೆ ಮೊದಲ ಹೆಜ್ಜೆಯಲ್ಲೇ ಸತ್ತಿದೆ, ಶವಸಂಸ್ಕಾರಕ್ಕೆ ನಾಲ್ವರೂ ಬರಬೇಕು.

ಯಾಚುನ್ ಜಗಳಕ್ಕೆ ಬರುತ್ತಾಳೆ ಅಂತ ಕಾದ. ಅವಳು ಬರಲಿಲ್ಲ. ಮಾರನೆಯ ದಿನ ತಿದ್ದಿದ ದಾಖಲೆ ಬಂತು. ನಾಲ್ವರ ಹೆಸರನ್ನೂ ಅವಳೇ ಕಿತ್ತುಹಾಕಿದ್ದಳು. ಅವರ ಜಾಗದಲ್ಲಿ ಒಂದೇ ಸಾಲು: ತಪ್ಪು ತೋರಿಸಿದವರು, ಫಾನ್‌ಚ್ಯಾಂಗ್. ಇದು ಆ ಕಸುಬಿನ ರೂಢಿ. ಯಾರು ತಪ್ಪು ಹಿಡಿದರೋ, ಬೈದು ಹಿಡಿದಿದ್ದರೂ ಸರಿ, ಅವರ ಹೆಸರು ಕರ್ನಲ್ ಇರುವಷ್ಟು ಕಾಲ ಅಲ್ಲಿ ಇರುತ್ತದೆ. ರೂಢಿಗೆ ಅವನು ಏನೂ ಅನ್ನುವಂತಿರಲಿಲ್ಲ. ಆದರೆ ತನ್ನ ಹೆಸರು ಆ ಭಾಷೆಯ ಪಕ್ಕದಲ್ಲಿ ಕೂತದ್ದು ನೋಡಿ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಂತಾಯಿತು.

ಎರಡನೆಯ ಸಲ ಇನ್ನೂ ಮುಂದೆ ಹೋಗಿ ಬಿತ್ತು. ಹೊಸ ಭಾಷೆಯನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್ ಇಂಥದ್ದೇ ಆವೃತ್ತಿ ಇರಬೇಕು. ಒಂದು ಕೂದಲು ಹಳೆಯದಾದರೂ ಕೆಡುತ್ತದೆ, ಒಂದು ಕೂದಲು ಹೊಸದಾದರೂ ಕೆಡುತ್ತದೆ. ಅದನ್ನು ದಾಖಲೆ ಹೇಳುತ್ತಿರಲಿಲ್ಲ. ಮುಹೂರ್ತ ನೋಡಿ ಕಟ್ಟಬೇಕಾದ ಭಾಷೆಯೇನು ಇದು ಅಂತ ಬರೆದ. ಅವಳು ಆವೃತ್ತಿಯ ಪಟ್ಟಿ ಸೇರಿಸಿದಳು. ಮತ್ತೆ ಅವನ ಹೆಸರು.

ಆಮೇಲೆ ಅವನು ತಪ್ಪು ಹುಡುಕುವುದನ್ನು ಬಿಟ್ಟು ತಪ್ಪು ಹುಟ್ಟಿಸಲು ಶುರುಮಾಡಿದ. ಫೋಲ್ಡರಿಗೆ ಬೇಕೆಂದೇ ಚೀನೀ ಅಕ್ಷರದಲ್ಲಿ ಹೆಸರಿಟ್ಟ, ಕಟ್ಟಡ ಕುಸಿಯಿತು. ಕಟ್ಟುತ್ತಿರುವಾಗಲೇ ಇಂಟರ್ನೆಟ್ ತಂತಿ ಕಿತ್ತ, ಕುಸಿಯಿತು. ಮೆಮೊರಿ ಅರ್ಧ ತೆಗೆದ; ಅರ್ಥವಾಗದ ಎರಡು ಪುಟ ಗೋಳಾಡಿ ಕುಸಿಯಿತು. ಪ್ರತಿ ಸಲವೂ ಒಂದು ಉಗಿತದ ಮೇಲ್, ಪ್ರತಿ ಸಲವೂ ಎರಡು ದಿನದಲ್ಲಿ ತಿದ್ದಿದ ದಾಖಲೆ, ಪ್ರತಿ ಸಲವೂ ಅವನ ಹೆಸರು. ಇಂಥ ದೋಷ ಕಂಡರೆ ಹೀಗೆ ಮಾಡಿ, ಈ ಅಕ್ಷರದ ಫೋಲ್ಡರಿದ್ದರೆ ಹಾಗೆ ಮಾಡಿ ಅಂತ ಅವಳ ದಾಖಲೆ ಬೆಳೆಯಿತು. ಬೆಳೆದದ್ದಕ್ಕೆಲ್ಲ ಗೊಬ್ಬರ ಇವನದೇ.

ನಡುವೆ ಒಂದು ದಿನ ಎಲ್ಲ ಸರಿಯಿದ್ದೂ ಯಂತ್ರ ಸುಮ್ಮನೆ ನಿಂತುಹೋಯಿತು. ಫಾನ್‌ಚ್ಯಾಂಗ್ ಉತ್ಸಾಹದಿಂದ ಮೇಲ್ ಬರೆಯಲು ಕೂತಾಗ, ಲ್ಯಾಪ್‌ಟಾಪಿನ ಗಾಳಿ ಹೋಗುವ ಕಿಂಡಿಯ ಮೇಲೆ ಒಂದು ಕ್ವಾಯ್‌ಕ್ವಾಯ್ ಪೊಟ್ಟಣ ಕಂಡಿತು. ಶಿಂಚುವಿನಲ್ಲಿ ಆ ಕುರುಕಲು ಪೊಟ್ಟಣ ಇಡದ ಯಂತ್ರವಿಲ್ಲ. ಇಟ್ಟರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಅಂತ ನಂಬಿಕೆ. ಫಾನ್‌ಚ್ಯಾಂಗ್‌ಗೆ ಅದರ ಮೇಲೂ ತಿರಸ್ಕಾರವೇ.

“ಇದನ್ನ ಯಾರೇ ಇಲ್ಲಿಟ್ಟಿದ್ದು?”

“ನಾನೇ,” ಅಂದಳು ಮಾನ್‌ಯುನ್ ಒಳಗಿಂದ. “ದಿನಾ ಕೆಟ್ಟು ಕೂರುತ್ತಲ್ಲ, ಪಾಪ ಅನ್ನಿಸ್ತು.”

“ಹಳದಿ ಇಟ್ಟಿದ್ದೀಯಲ್ಲೇ. ಹಸಿರು ಇಡಬೇಕು. ಹಳದಿ ಇಟ್ರೆ ನಿಂತುಹೋಗದೆ ಇನ್ನೇನಾಗುತ್ತೆ.”

“ನಂಬಿಕೆ ಇಲ್ಲ ಅಂತೀರಿ, ಬಣ್ಣ ಬೇರೆ ಗೊತ್ತು ನಿಮಗೆ,” ಅಂದಳು ಅವಳು.

ಅವನು ಪೊಟ್ಟಣ ತೆಗೆದು ಪಕ್ಕಕ್ಕಿಟ್ಟ. ಗಾಳಿ ಆಡಿತು, ಯಂತ್ರ ನಡೆಯಿತು. ಆ ದಿನ ಲಿಸ್ಟಿಗೆ ಮೇಲ್ ಹೋಗಲಿಲ್ಲ.

ಶಿಂಚುವಿನಲ್ಲಿ ಈ ಕಸುಬಿನವರು ತಿಂಗಳಿಗೊಮ್ಮೆ ರೈಲ್ವೆ ನಿಲ್ದಾಣದ ಹತ್ತಿರದ ಒಂದು ಚಹಾ ಅಂಗಡಿಯ ಮಹಡಿಯಲ್ಲಿ ಸೇರುತ್ತಾರೆ. ಒಬ್ಬರೊಡನೊಬ್ಬರು ಮಾತಾಡುವುದು ಕಡಿಮೆ, ಎಲ್ಲರೂ ಲ್ಯಾಪ್‌ಟಾಪ್ ತೆರೆದು ಪಕ್ಕಪಕ್ಕ ಕೂರುತ್ತಾರೆ, ಅದನ್ನೇ ಸಭೆ ಅನ್ನುತ್ತಾರೆ. ಆ ತಿಂಗಳು ಯಾಚುನ್ ರೈಲು ಹತ್ತಿ ಬಂದಳು. ಹೊರಗೆ ಶಿಂಚುವಿನ ಗಾಳಿ ಬೋರ್ಡುಗಳನ್ನು ಕಿತ್ತುಹಾಕುವ ಹಾಗೆ ಬೀಸುತ್ತಿತ್ತು. ಅವಳು ಕೆದರಿದ ಕೂದಲಿನಲ್ಲೇ ಬಂದು ಸೀದಾ ಅವನ ಎದುರಿನ ಕುರ್ಚಿ ಎಳೆದುಕೊಂಡಳು. ಸುತ್ತಲಿನವರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಚ್ವಾಂಗ್ ಇಬ್ಬರಿಗೂ ಚಹಾ ತರುತ್ತೇನೆ ಅಂತ ಎದ್ದು ಹೋಗಿ, ಕಂಬದ ಹಿಂದೆ ನಿಂತ.

“ಮೇಷ್ಟ್ರೇ, ಚೆನ್ನಾಗಿದ್ದೀರಾ,” ಅಂದಳು ಅವಳು. ಅಲ್ಲಿ ಹಿರಿಯರನ್ನು ಹಾಗೆಯೇ ಕರೆಯಬೇಕು, ಹೊಟ್ಟೆಯೊಳಗೆ ಎಷ್ಟೇ ಕೋಪವಿದ್ದರೂ.

“ಚೆನ್ನಾಗಿದ್ದೀನಿ. ನಿನ್ನ ದಾಖಲೆಗೆ ಮಾತ್ರ ಹುಷಾರಿಲ್ಲ.”

“ಅದಕ್ಕೆ ವೈದ್ಯರ ಹತ್ರ ಬಂದೆ.”

ಅವನಿಗೆ ನಗು ಬರುವಂತಾಗಿ ಕೋಪ ಬಂತು. ಇಷ್ಟು ದಿನ ಊರ ಮುಂದೆ ಉಗಿಸಿಕೊಂಡೂ ಒಂದು ತಿರುಗುತ್ತರ ಕೊಡಲಿಲ್ಲವಲ್ಲ, ಮಾನ ಮರ್ಯಾದೆ ಇಲ್ಲವೇ ಅಂತ ನೇರವಾಗಿ ಕೇಳಿದ.

“ಜಗಳ ಆಡಿದ್ರೆ ನೀವು ಜಗಳ ಆಡ್ತಾ ಕೂರ್ತಿದ್ರಿ, ಪರೀಕ್ಷೆ ಮಾಡೋದು ನಿಲ್ಲಿಸ್ತಿದ್ರಿ,” ಅಂದಳು ಯಾಚುನ್. “ನನಗೆ ಬೇಕಿದ್ದದ್ದು ಪರೀಕ್ಷೆ. ಬೈಗುಳನ ಬಸಿದು ಎಸೆದ್ರೆ ನಿಮ್ಮ ಮೇಲಿನಲ್ಲಿ ಒಳ್ಳೇ ಸರಕು ಇರುತ್ತೆ. ನನ್ನ ಗುಂಪಿನವರದ್ದರಲ್ಲಿ ಬಸಿಯೋಕೂ ಏನಿಲ್ಲ. ಆಹಾ ಓಹೋ ಬಿಟ್ಟು ಒಂದು ಅಕ್ಷರ ಬರೆದಿಲ್ಲ ಅವರು.”

“ನಿನ್ನ ಗುಂಪಿನವರನ್ನೇ ಹೀಗಂತೀಯಲ್ಲ.”

“ಹತ್ತು ನಿಮಿಷದಲ್ಲಿ ಪರೀಕ್ಷಿಸೋರನ್ನ ಕಂಡ್ರೆ ನನಗೂ ಮೈ ಉರಿಯುತ್ತೆ ಮೇಷ್ಟ್ರೇ. ಆ ತಿರಸ್ಕಾರ ನಿಮ್ಮೊಬ್ಬರ ಆಸ್ತಿ ಅಂದ್ಕೊಂಡಿದ್ರಾ?” ಕಂಬದ ಹಿಂದೆ ಚ್ವಾಂಗ್ ಕೆಮ್ಮಿದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. “ಇನ್ನೊಂದು ವಿಷಯ. ನಿಮ್ಮ ಸೀರಿಯಲ್ ವಿಭಾಗದ ದಾಖಲೆ ಓದಿದೆ. ಮೂರನೇ ಸಾಲಲ್ಲಿ ಒಂದು ಸಲಕರಣೆ ಹಾಕ್ಕೊಳಿ ಅಂತ ಇದೆ. ಅದನ್ನ ಮಾಡಿದ ಕಂಪನಿನೇ ಮುಚ್ಚಿಹೋಗಿದೆ. ನನ್ನ ಮನೆ ಸೋರುತ್ತೆ, ನಿಜ. ನಿಮ್ಮದಕ್ಕೆ ಸೂರೇ ಇಲ್ವಲ್ಲ.”

ಫಾನ್‌ಚ್ಯಾಂಗ್ ಲ್ಯಾಪ್‌ಟಾಪ್ ಮುಚ್ಚಿ ಎದ್ದ. ಇಪ್ಪತ್ತು ವರ್ಷದಲ್ಲಿ ಅವನಿಗೆ ಇಷ್ಟು ಅವಮಾನವನ್ನು ಇಷ್ಟು ಮೆತ್ತಗೆ ಯಾರೂ ಮಾಡಿರಲಿಲ್ಲ. ದಾರಿಯುದ್ದಕ್ಕೂ ಗಾಳಿಗೆ ಎದುರಾಗಿ ನಡೆಯುತ್ತಾ, ಈ ಹೆಂಗಸಿನ ದಾಖಲೆಯನ್ನು ಮಣ್ಣುಪಾಲು ಮಾಡದಿದ್ದರೆ ತನ್ನ ಹೆಸರು ಫಾನ್‌ಚ್ಯಾಂಗ್ ಅಲ್ಲ ಅಂದುಕೊಂಡ.

ಬಿಡುಗಡೆಯ ಬಾಗಿಲು ಮುಚ್ಚುವ ವಾರ ಅವಳ ಕೊನೆಯ ದಾಖಲೆ ಬಂತು. ಶನಿವಾರ ಬೆಳಗ್ಗೆ ಅವನು ಲ್ಯಾಪ್‌ಟಾಪನ್ನು ಮತ್ತೆ ಪೂರ್ತಿ ಅಳಿಸಿ ಕೂತ. ದಾಖಲೆ ಹಾಕಿಕೋ ಅಂದದ್ದನ್ನು ಹಾಕಿದ, ಹಾಕಬೇಡ ಅಂದದ್ದನ್ನೂ ಹಾಕಿದ. ಫೋಲ್ಡರಿಗೆ ಚೀನೀ ಅಕ್ಷರ, ಅದರ ನಡುವೆ ಖಾಲಿ ಜಾಗ, ತುದಿಗೊಂದು ಪ್ರಶ್ನಾರ್ಥಕ ಚಿಹ್ನೆ. ಹಳೇ ಕಂಪೈಲರ್ ಕೊಟ್ಟ. ಯಂತ್ರ ಅರ್ಥವಾಗುವ ಮಾತಿನಲ್ಲಿ, ಇದು ಹಳೆಯದು, ದಾಖಲೆಯ ಇಂಥ ಭಾಗ ನೋಡಿ ಅಂದಿತು. ನೋಡಿದ. ಅಲ್ಲಿ ಬರೆದದ್ದು ಸರಿಯಿತ್ತು. ತಂತಿ ಕಿತ್ತ; ತಂತಿ ಸಿಕ್ಕಿಸಿ ಮತ್ತೆ ಶುರುಮಾಡಿ ಅಂದಿತು. ಶುರುಮಾಡಿದ, ನಡೆಯಿತು.

ಮಧ್ಯಾಹ್ನದ ಹೊತ್ತಿಗೆ ಪುಟ್ಟ ಡ್ರೈವರ್ ಎದ್ದು, ಸೀರಿಯಲ್ ತಂತಿಯ ಆಚೆ ಬದಿಗೆ ಒಂದು ಸಾಲು ಕಳಿಸಿತು. ಅವನು ಅದನ್ನು ಎರಡು ಸಲ ಓದಿದ. ಇನ್ನೊಮ್ಮೆ ಎಲ್ಲ ಅಳಿಸಿ ಮೊದಲಿನಿಂದ ಮಾಡಿದ. ಮತ್ತೆ ಅದೇ ಸಾಲು ಬಂತು. ಹಾಳಾದ್ದು, ಎಷ್ಟು ಹೊಡೆದರೂ ಬೀಳುತ್ತಿರಲಿಲ್ಲ.

ಲಿಸ್ಟಿನಲ್ಲಿ ಹಾಲ್ವರ್ ಕೇಳಿದ್ದ: ಹೊರಗಿನವರು ಯಾರಾದರೂ ಪರೀಕ್ಷಿಸಿದ್ದೀರಾ? ನಾಳೆ ಬಾಗಿಲು ಮುಚ್ಚುತ್ತೇನೆ. ಅದರ ಕೆಳಗೆ ಒಂದೂ ಉತ್ತರವಿಲ್ಲ. ಆಹಾ ಓಹೋ ಮಂದಿ ಫಾನ್‌ಚ್ಯಾಂಗ್‌ನ ಬಾಯಿಗೆ ಹೆದರಿ ಮುದುರಿಕೊಂಡಿದ್ದರು. ಪರೀಕ್ಷಿಸಿದವನು ಲೋಕದಲ್ಲಿ ಒಬ್ಬನೇ, ಮತ್ತು ಅದು ಲಿಸ್ಟಿಗೆಲ್ಲ ಗೊತ್ತು.

ಅವನು ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನಾಳೆ ಬಾಗಿಲು ಮುಚ್ಚುತ್ತದೆ, ಭಾಷೆ ಹೋಗುತ್ತದೆ, ಅವನ ಸಾಲು ಉಳಿಯುತ್ತದೆ. ಅವನನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಕೈ ಕಟ್ಟಿ ಕೂತ.

ಮಾನ್‌ಯುನ್ ಅನ್ನ ಸೂಪು ತಂದಿಟ್ಟಳು. ಪರದೆ ನೋಡಿದಳು, ಅವನ ಮುಖ ನೋಡಿದಳು. “ಏನ್ರೀ, ಇವತ್ತು ಬೈತಾನೇ ಇಲ್ಲ. ಆಗಿಬಿಡ್ತಾ?”

“ಆಯ್ತು.”

“ಹಾಗಾದ್ರೆ ಆಯ್ತು ಅಂತ ಬರೆದು ಮೇಜು ಖಾಲಿ ಮಾಡಿ.”

ಬರೆದರೆ ಏನಾಗುತ್ತದೆ ಅಂತ ಅವನು ವಿವರಿಸಿದ. ತಾನು ಊರ ಮುಂದೆ ಆಡಿದ ಮಾತು, ಪಟ್ಟಿಯಲ್ಲಿನ ತನ್ನ ಹೆಸರು, ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿ, ಬಟ್ಟಲು ಅವನ ಕಡೆ ತಳ್ಳಿದಳು.

“ಮೂವತ್ತು ವರ್ಷ ನಿಮ್ಮ ಬಾಯಲ್ಲಿ ಒಂದೇ ಹಾಡು ಕೇಳಿದ್ದೀನಿ. ಮಾಡದೆ ಮಾಡಿದೆ ಅನ್ನೋರು ಕಳ್ಳರು, ಕಳ್ಳರು ಅಂತ. ಮಾಡಿ ಮಾಡಿಲ್ಲ ಅಂತ ಕೂರೋರನ್ನ ಏನಂತಾರ್ರೀ?”

ಅವನು ಸೂಪು ಮುಟ್ಟಲಿಲ್ಲ. ಹೆಂಡತಿಯ ಮೇಲೆ, ಯಾಚುನ್ ಮೇಲೆ, ಆ ಗೊರಕೆ ಹೊಡೆಯುವ ಲ್ಯಾಪ್‌ಟಾಪಿನ ಮೇಲೆ ಒಟ್ಟಿಗೇ ಕೋಪ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಕೈ ಕಟ್ಟಿ ಕೂತಿದ್ದ ಆ ಮುದುಕನ ಮೇಲೆ ಹೇಸಿಗೆ ಹುಟ್ಟಿತು. ಚ್ವಾಂಗ್‌ನನ್ನು ಕಂಡಾಗ ಹುಟ್ಟುವ ಹೇಸಿಗೆಯೇ ಅದು, ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಅವನು ಕೀಲಿಗಳನ್ನು ಕುಟ್ಟಿ ಕುಟ್ಟಿ ಬರೆದ: “ಈ ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ದಾಖಲೆಯಲ್ಲಿ ಹೇಳಿದ್ದೆಲ್ಲ ಹೇಳಿದ ಹಾಗೆ ನಡೆಯುತ್ತದೆ. ಪರೀಕ್ಷಿಸಿದವರು: ಫಾನ್‌ಚ್ಯಾಂಗ್.”

ಹಾಲ್ವರ್ ಒಂದೇ ಪದದಲ್ಲಿ ಒಪ್ಪಿದ. ಹೊಸ ಭಾಷೆ ಉಳಿಯಿತು. ಅದರ ದಾಖಲೆಯಲ್ಲಿ ಬರೆದವಳ ಹೆಸರು ಒಂದು ಸಲ, ಫಾನ್‌ಚ್ಯಾಂಗ್‌ನ ಹೆಸರು ಹದಿಮೂರು ಸಲ. ಇಷ್ಟು ದಿನ ಮುದುರಿಕೊಂಡಿದ್ದವರೆಲ್ಲ ಬಿಲದಿಂದ ಹೊರಬಂದು ಅಭಿನಂದನೆ ಬರೆದರು. ಫಾನ್‌ಚ್ಯಾಂಗ್‌ನಂಥ ಹಿರಿಯರು ನಮ್ಮ ಜೊತೆಗಿರುವುದು ಭಾಗ್ಯ ಅಂತ ಒಬ್ಬ ಬರೆದಿದ್ದ. ಅದನ್ನು ಓದಿದ ಕೂಡಲೇ ಅಳಿಸಿಹಾಕಿದ.

ಆಡಿದ ಮಾತು ಉಳಿದಿತ್ತು. ಮಾತಿಗೆ ತಪ್ಪುವವನಲ್ಲ ಅವನು. ಭಾನುವಾರ ಬೆಳಗ್ಗೆ ಉಸ್ತುವಾರಿಗಳ ಪಟ್ಟಿ ತೆರೆದು, ಸೀರಿಯಲ್ ವಿಭಾಗದ ಮುಂದಿದ್ದ ತನ್ನ ಸಾಲನ್ನು ಅಳಿಸಿ, ಆ ಅಳಿಸಿದ್ದನ್ನೇ ಒಂದು ತೇಪೆ ಮಾಡಿ ಲಿಸ್ಟಿಗೆ ಕಳಿಸಿದ. ಜೊತೆಗೆ ಒಂದಕ್ಷರ ಬರೆಯಲಿಲ್ಲ.

ಹತ್ತು ನಿಮಿಷಕ್ಕೆ ಮೊದಲ ಉತ್ತರ ಬಂತು. ಒಪ್ಪಿದೆ, ಚ್ವಾಂಗ್.

ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವನು, ತೇಪೆಯೊಳಗೆ ಏನಿದೆ ಅಂತ ಕೂಡ ನೋಡದೆ ಅವನನ್ನು ಮನೆಗೆ ಕಳಿಸಿದ್ದ. ಫಾನ್‌ಚ್ಯಾಂಗ್ ಪರದೆಯನ್ನೇ ನೋಡುತ್ತಾ ಕೂತ. ಅಷ್ಟರಲ್ಲಿ ಇನ್ನೊಂದು ಮೇಲ್ ಬಂತು, ಯಾಚುನ್‌ಳದು. ವಂದನೆ ಇಲ್ಲ, ಮೇಷ್ಟ್ರೇ ಇಲ್ಲ. ಮೂರೇ ವಾಕ್ಯ.

“ಏನು ಮಾಡಿದ್ದೀರಿ ಅಂತ ಕಾಣುತ್ತದೆ. ಯಾಕೆ ಅಂತ ಬರೆದಿಲ್ಲ. ಕಾರಣ ಬರೆದು ಮತ್ತೆ ಕಳಿಸಿ.”

ಅವನು ಓದಿದ. ಎಂಥ ಪೊಗರು ಅಂತ ಹಲ್ಲು ಕಡಿದ. ಕಾರಣ ತಾನೇ, ಇಲ್ಲಿದೆ ಕಾರಣ ಅಂತ ಕೀಲಿಮಣೆ ಹತ್ತಿರ ಎಳೆದುಕೊಂಡ. ವಯಸ್ಸಾಯಿತು ಅಂತ ಬರೆದ. ನಿನ್ನೆಯಷ್ಟೇ ಬೆಳಗ್ಗಿನಿಂದ ಸಂಜೆವರೆಗೆ ಕೂತು ಕೆಲಸ ಮಾಡಿದವನಿಗೆ ಅದು ಸುಳ್ಳು ಅನ್ನಿಸಿ ಅಳಿಸಿದ. ಸಮಯವಿಲ್ಲ ಅಂತ ಬರೆದು ಅದನ್ನೂ ಅಳಿಸಿದ. ಹೊಸ ಭಾಷೆಯಿಂದ ವಿಭಾಗ ಹಾಳಾಗಿದೆ ಅಂತ ಬರೆದ. ಹಾಳಾಗಿಲ್ಲ ಅಂತ ನಿನ್ನೆ ತಾನೇ ಹೆಸರು ಹಾಕಿದ್ದ. ಒಂದೊಂದೇ ಅಳಿಸುತ್ತಾ ಹೋಗಿ ಕೊನೆಗೆ ನಿಜವಾದ ಕಾರಣ ಒಂದೇ ಉಳಿಯಿತು. ಅದನ್ನು ಬರೆದು ಓದಿಕೊಂಡ: ‘ದಾಖಲೆ ಸರಿಯಿದೆ. ನನಗೆ ಸಿಟ್ಟು ಬಂದಿದೆ.’

ಇಂಥ ಕಾರಣ ಬರೆದು ಯಾವನಾದರೂ ತೇಪೆ ಕಳಿಸಿದ್ದರೆ ಅವನನ್ನು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದ ಫಾನ್‌ಚ್ಯಾಂಗ್. ಅಡುಗೆಮನೆಯಿಂದ ಮಾನ್‌ಯುನ್ ಊಟಕ್ಕೆ ಕರೆದಳು, ಬಂದೆ ಇರು ಅಂದ. ಸ್ವಲ್ಪ ಹೊತ್ತು ಆ ಎರಡು ವಾಕ್ಯಗಳನ್ನು ದುರುಗುಟ್ಟಿ ನೋಡಿದ. ಆಮೇಲೆ ಅವುಗಳನ್ನೂ ಅಳಿಸಿ, ಉಸ್ತುವಾರಿಯ ಅಧಿಕಾರದಲ್ಲಿ ತನ್ನದೇ ತೇಪೆಗೆ ತಾನೇ ಉತ್ತರ ಬರೆದ:

“ಈ ತೇಪೆ ಕಸ. ಕಳಿಸಿದವನಿಗೆ ಕಾರಣ ಕೊಡುವ ಯೋಗ್ಯತೆಯೂ ಇಲ್ಲ. ತಿರಸ್ಕರಿಸಲಾಗಿದೆ. ಇದನ್ನು ಓದದೆ ಒಪ್ಪಿದ ಕತ್ತೆ ಯಾರೆಂದು ಎಲ್ಲರಿಗೂ ಗೊತ್ತು. ಸೀರಿಯಲ್ ವಿಭಾಗದ ದಾಖಲೆಯ ಮೂರನೇ ಸಾಲು ತಪ್ಪಾಗಿದೆ, ನಾಳೆ ತಿದ್ದಿ ಕಳಿಸುತ್ತೇನೆ. ತಪ್ಪು ತೋರಿಸಿದವರು: ಕೋ ಯಾಚುನ್.”

ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಊಟಕ್ಕೆ ಕೂತ. ತುತ್ತು ಬಾಯಿಗಿಡುವಷ್ಟರಲ್ಲಿ ಫೋನು ಸದ್ದು ಮಾಡಿತು. ಲಿಸ್ಟಿನಲ್ಲಿ ಅವನ ಮೇಲಿಗೆ ಆಗಲೇ ಒಂದು ಉತ್ತರ ಬಂದಿತ್ತು.

ಒಪ್ಪಿದೆ, ಚ್ವಾಂಗ್.